ಬೋರ್ಷ್, ಬಸ್ಸಾರು ಮತ್ತು ‘ಕೈರುಚಿ’

ನಮ್ಮ ವಿಮರ್ಶೆಯಲ್ಲಿ ಸವೆದುಹೋದ ನಾಣ್ಯಗಳಂಥ ಮಾತುಗಳು ಕೆಲವುಂಟು. ‘ಮಣ್ಣಿನ ವಾಸನೆ’, ‘ಹೃದಯಸ್ಪರ್ಶಿ’, ‘ಅನನ್ಯ’ ಇವುಗಳನ್ನು ಉತ್ತರಪತ್ರಿಕೆಗಳಲ್ಲಿ ಕಂಡಾಗಲೆಲ್ಲ ನಾನು ಕೆಂಪು ಮಸಿಯ ಗೀಟು ಎಳೆಯುತ್ತ ಬಂದಿದ್ದೇನೆ. ಆದರೆ ‘ಕೈರುಚಿ’ ಎಂಬ ಮಾತಿಗೆ ಮೊನ್ನೆಮೊನ್ನೆಯವರೆಗೂ ಗೀಟು ಎಳೆದಿರಲಿಲ್ಲ. ಅಮ್ಮನ ಕೈರುಚಿ, ಅಜ್ಜಿಯ ಕೈರುಚಿ, ಹಳ್ಳಿಯ ಕೈರುಚಿ ಎಂದು ನಮ್ಮ ಲಲಿತ ಪ್ರಬಂಧಗಳಲ್ಲಿ, ಆತ್ಮಕಥೆಗಳಲ್ಲಿ, ಸನ್ಮಾನದ ಭಾಷಣಗಳಲ್ಲಿ ಎಷ್ಟು ಸಲ ಬಂದಿದೆಯೋ! ಅದು ಒಳ್ಳೆಯ ಮಾತು, ಪ್ರೀತಿಯ ಮಾತು ಎಂದೇ ನಾನೂ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಯಾವ ಮೀಮಾಂಸೆಯ ಗ್ರಂಥವೂ ಅಲ್ಲ. ಒಂದು ಪಾತ್ರೆ ಬೀಟ್‌ರೂಟಿನ ಸಾರು.

ಹೇಗೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನಲ್ಲಿ ಪಿ.ಯು.ಸಿ. ಕನ್ನಡ ಓದಿದ ಚನ್ನರಾಯಪಟ್ಟಣದ ಹುಡುಗನೊಬ್ಬ ಉಕ್ರೇನಿನ ಖಾರ್ಕೀವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಫೆಬ್ರವರಿ 24ರಂದು ಅಲ್ಲಿ ಯುದ್ಧ ಮೊದಲಾಯಿತು. ನಮ್ಮ ನಾಡಿನ ಎಷ್ಟೋ ಮಕ್ಕಳು ನೆಲಮಾಳಿಗೆಗಳಲ್ಲಿ, ಸುರಂಗ ರೈಲಿನ ನಿಲ್ದಾಣಗಳಲ್ಲಿ ಕುಳಿತು ರಾತ್ರಿಗಳನ್ನು ಕಳೆದು, ಗಡಿ ದಾಟಿ, ಮಾರ್ಚಿಯಲ್ಲಿ ಊರು ಸೇರಿದರು. ಸೇರದೆ ಹೋದವನೂ ಇದ್ದಾನೆ; ಕನ್ನಡನಾಡು ಅದನ್ನು ಮರೆತಿಲ್ಲ. ನನ್ನ ಶಿಷ್ಯ ಬಂದ. ಬಂದವನು ಹಾಸನದ ನನ್ನ ಮನೆಗೆ ಒಂದು ಸಂಜೆ ಬಂದು ಕುಳಿತ. ಯುದ್ಧದ ಮಾತನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನಿದ್ದ ಮನೆಯ ಮುದುಕಿಯ ಮಾತು ಮಾತ್ರ ಬಂತು. ‘ಬಾಬುಸ್ಯಾ’ ಎಂದರೆ ಅವರಲ್ಲಿ ಅಜ್ಜಿ. ಕೊನೆಯ ದಿನ ನೆಲಮಾಳಿಗೆಗೆ ಅವಳು ಒಂದು ದೊಡ್ಡ ಪಾತ್ರೆ ಬೋರ್ಷ್ ಇಳಿಸಿಕೊಂಡು ಬಂದು ಎಲ್ಲರಿಗೂ ಬಡಿಸಿದಳಂತೆ. “ಅದು ಒಂಥರಾ ನಮ್ಮ ಸಾರೇನಪ್ಪ?” ಎಂದೆ. “ಸಾರಲ್ಲ ಸಾರ್” ಎಂದ ಹುಡುಗ. ಅಷ್ಟು ಹೊತ್ತಿನ ಮೇಲೆ ಇಬ್ಬರೂ ನಕ್ಕೆವು.

ಆ ಹುಡುಗನಿಗೆ ಅದನ್ನು ಮಾಡಿ ಬಡಿಸಬೇಕೆಂಬ ಹಟ ನನಗೆ ಬಂತು. ನನ್ನ ಹೆಂಡತಿ ಆಗ ತೌರಿಗೆ ಹೋಗಿದ್ದುದರಿಂದ ಅಡಿಗೆಮನೆಯಲ್ಲಿ ತಡೆಯುವವರೂ ಇರಲಿಲ್ಲ. ಹಿಂದೊಮ್ಮೆ ಯಾವುದೋ ಪತ್ರಿಕೆಯಿಂದ ಕತ್ತರಿಸಿಟ್ಟ ಪಾಕವಿಧಿಯೊಂದು ಪುಸ್ತಕದ ನಡುವೆ ಸಿಕ್ಕಿತು. ಕನ್ನಡದಲ್ಲಿಯೇ ಇತ್ತು, ವ್ಯಾಕರಣದ ತಪ್ಪೂ ಇರಲಿಲ್ಲ. ಬೀಟ್‌ರೂಟು ಎರಡು, ಆಲೂಗೆಡ್ಡೆ ಮೂರು, ಎಲೆಕೋಸು ಕಾಲು ಭಾಗ, ಕ್ಯಾರೆಟ್ಟು ಒಂದು, ಈರುಳ್ಳಿ ಒಂದು, ಟೊಮ್ಯಾಟೊ ಎರಡು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಹುಳಿಗೆ ನಿಂಬೆ, ಮೇಲಕ್ಕೆ ಮೊಸರಿನ ಕೆನೆ. ಇವನ್ನೆಲ್ಲ ಹೆಚ್ಚಿ ಬೇಯಿಸಿದರೆ ‘ಕಣ್ಮನ ತಣಿಸುವ ಕಡುಗೆಂಪು ಬೋರ್ಷ್ ಸಿದ್ಧ’ ಎಂದು ಕೊನೆಯಲ್ಲಿತ್ತು. ಹಾಸನದಲ್ಲಿ ಆಲೂಗೆಡ್ಡೆಗೇನು ಕೊರತೆ? ನಮ್ಮ ಜಿಲ್ಲೆಯ ರೈತ ಜಲಂಧರದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದು, ಮುಂಗಾರಿನ ಮಳೆಯನ್ನೂ ಅಂಗಮಾರಿಯನ್ನೂ ಎದುರುನೋಡುತ್ತ ಬದುಕುವವನು. ಸಬ್ಬಸಿಗೆಯಂತೂ ಮನೆ ಬಾಗಿಲಿಗೇ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ ಕೂಗಿಸಿದೆ. ಮುಚ್ಚಳ ತೆಗೆದಾಗ ಕಂಡ ಬಣ್ಣವನ್ನು ಕಡುಗೆಂಪು ಎನ್ನಲು ಕವಿಸಮಯವೂ ಸಾಲದು. ಇಟ್ಟಿಗೆ ತೊಳೆದ ನೀರಿನಂತೆ ಕಂದಾಗಿತ್ತು.

ಎರಡನೆಯ ಸಲ, ಹುಳಿ ಕಡಿಮೆಯಾಯಿತೇನೋ ಎಂದು ಮೊದಲೇ ಧಾರಾಳವಾಗಿ ನಿಂಬೆ ಹಿಂಡಿ, ಪಾತ್ರೆಯಲ್ಲಿಟ್ಟು ಕುದಿಸಿದೆ. ಬಣ್ಣ ನಿಂತಿತು. ಆದರೆ ಆಲೂಗೆಡ್ಡೆ ಮುಕ್ಕಾಲು ಗಂಟೆ ಕುದಿದರೂ ಹಲ್ಲಿಗೆ ಗಟ್ಟಿಯಾಗಿ ಸಿಕ್ಕುತ್ತಿತ್ತು. ಆಗ ನನ್ನಲ್ಲಿದ್ದ ಕನ್ನಡ ಎಂ.ಎ. ಏನು ಮಾಡಿತೆಂದರೆ, ‘ಕೈರುಚಿ ನಮಗಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಸುಮ್ಮನಾಯಿತು.

ಭಾನುವಾರ ಹೊಳೆನರಸೀಪುರಕ್ಕೆ ಅಮ್ಮನನ್ನು ನೋಡಲು ಹೋದಾಗ ಇದನ್ನು ತಮಾಷೆಯ ಪ್ರಸಂಗವಾಗಿ ಹೇಳಿದೆ. ಅಮ್ಮ ನಗಲಿಲ್ಲ. ಮಣೆಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದವರು, ತಲೆ ಎತ್ತದೆಯೇ ಕೇಳಿದರು: “ಗೆಡ್ಡೆ ಬೇಯೋಕೆ ಮುಂಚೆ ಹುಳಿ ಯಾಕೋ ಮುಟ್ಟಿಸ್ದೆ?” ಬೋರ್ಷ್ ಎಂಬ ಹೆಸರನ್ನು ಅವರು ಆ ಹೊತ್ತಿಗೆ ಮೊದಲು ಕೇಳಿದ್ದು. ಬೀಟ್‌ರೂಟನ್ನು ಪಲ್ಯವಲ್ಲದೆ ಬೇರೊಂದು ಮಾಡಿದವರಲ್ಲ. ಆದರೂ ಮುಂದಿನ ಐದು ನಿಮಿಷದಲ್ಲಿ ಅವರು ಹೇಳಿದ್ದು ಇಷ್ಟು: ಹುಳಿ ಬಿದ್ದ ಮೇಲೆ ಬೇಳೆಯಾಗಲಿ ಗೆಡ್ಡೆಯಾಗಲಿ ಸರಿಯಾಗಿ ಬೇಯುವುದಿಲ್ಲ, ಆದ್ದರಿಂದ ಬಸ್ಸಾರಿಗೂ ಹುಳಿಗೂ ಬೇಳೆ ಬೆಂದ ಮೇಲೆಯೇ ಹುಣಸೆಹಣ್ಣು. ಬಣ್ಣದ ತರಕಾರಿಗಾದರೆ ಹುಳಿ ಮೊದಲೇ ಬೇಕು, ಇಲ್ಲವಾದರೆ ಬಣ್ಣ ಓಡಿಹೋಗುತ್ತದೆ. “ಹಂಗಾದ್ರೆ ಎರಡನ್ನೂ ಒಂದೇ ಪಾತ್ರೇಲಿ ಮಾಡ್ಬಾರ್ದು. ಅದನ್ನ ಬೇರೆ ಬಾಡಿಸ್ಕೊ, ಇದನ್ನ ಬೇರೆ ಬೇಯಿಸ್ಕೊ, ಆಮೇಲೆ ಕೂಡಿಸು.”

ಅಲ್ಲಿಂದಲೇ ಹುಡುಗನಿಗೆ ಫೋನು ಮಾಡಿ, ಬಾಬುಸ್ಯಾ ಹೇಗೆ ಮಾಡುತ್ತಿದ್ದಳೆಂದು ನೋಡಿದ್ದೀಯಾ ಎಂದು ಕೇಳಿದೆ. ನೋಡಿದ್ದ. ಬೀಟ್‌ರೂಟನ್ನು ತುರಿದು, ಬಾಣಲೆಯಲ್ಲಿ ಹುಳಿ ಚಿಮುಕಿಸಿ ಬೇರೆಯಾಗಿ ಬಾಡಿಸುತ್ತಿದ್ದಳಂತೆ. ಈರುಳ್ಳಿ, ಕ್ಯಾರೆಟ್ಟು ಎಣ್ಣೆಯಲ್ಲಿ ಮತ್ತೊಂದು ಕಡೆ. ದೊಡ್ಡ ಪಾತ್ರೆಯ ಕಟ್ಟಿನಲ್ಲಿ ಆಲೂಗೆಡ್ಡೆ, ಕೋಸು ಬೆಂದಮೇಲೆ ಎಲ್ಲ ಕೂಡುವುದು. ಬೆಳ್ಳುಳ್ಳಿ ಒಲೆಯಿಂದ ಇಳಿಸುವಾಗ, ಸಬ್ಬಸಿಗೆ ಎಲ್ಲಕ್ಕಿಂತ ಕೊನೆಗೆ. ಕಟ್ಟಿಗೆ ಅವಳು ಹಂದಿಯ ಮೂಳೆ ಹಾಕುತ್ತಿದ್ದಳೆಂದು ಸಂಕೋಚದಿಂದ ಹೇಳಿದ. ಉಪವಾಸದ ದಿನಗಳಲ್ಲಿ ಮೂಳೆಗೆ ಬದಲು ಹುರುಳಿಕಾಯಿಯ ಬೀಜದಂಥ ಕಾಳೂ ಅಣಬೆಯೂ ಹಾಕುತ್ತಿದ್ದಳೆಂದು ಸೇರಿಸಿದ. ನಮ್ಮ ಮನೆಯ ಮಟ್ಟಿಗೆ ಉಪವಾಸದ ಬೋರ್ಷೇ ಸರಿ ಎಂದು ನಿರ್ಣಯವಾಯಿತು. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಗಟ್ಟಿ ಮೊಸರು ಅವರ ‘ಸ್ಮೆತಾನ’ದ ಸ್ಥಾನದಲ್ಲಿ ಬಂತು. ಮೂರನೆಯ ಸಲ ಅದು ಬೋರ್ಷ್ ಆಯಿತು. ಹುಡುಗ ಎರಡು ಬಟ್ಟಲು ತಿಂದು, ನಾಳೆಗೆ ಇನ್ನೂ ಚೆನ್ನಾಗಿರುತ್ತೆ ಸಾರ್ ಎಂದ. ಮಾರನೆಯ ದಿನದ ಹುಳಿಯ ವಿಷಯದಲ್ಲಿ ನಮ್ಮ ಅಮ್ಮನ ಅಭಿಪ್ರಾಯವೂ ಅದೇ.

ಸಾಹಿತ್ಯ ಪುರವಣಿಯಲ್ಲಿ ಈ ಅಡಿಗೆಯ ಪುರಾಣ ಏತಕ್ಕೆ ಎಂದು ವಾಚಕರು ಕೇಳಬಹುದು. ಆ ಪತ್ರಿಕೆಯ ತುಣುಕಿನಲ್ಲಿ ಪದಾರ್ಥಗಳೆಲ್ಲ ಇದ್ದವು, ಅಳತೆ ಇತ್ತು, ವಿಶೇಷಣಗಳಿದ್ದವು. ಕ್ರಮವಿರಲಿಲ್ಲ, ಕಾರಣವಿರಲಿಲ್ಲ. ಷಟ್ಪದಿಯನ್ನು ಪಾಠ ಹೇಳುವವರಿಗೆ ಇದರ ತೊಡಕು ಚೆನ್ನಾಗಿ ಗೊತ್ತು. ಪದಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಅನ್ವಯ ಸಿಕ್ಕುವವರೆಗೂ ಅರ್ಥ ಬೇಯುವುದಿಲ್ಲ. ಅಮ್ಮನಿಗೂ ಖಾರ್ಕೀವಿನ ಮುದುಕಿಗೂ ತಿಳಿದಿದ್ದುದು ಈ ಅನ್ವಯ. ಅದು ಕೈಯಲ್ಲಿ ಇದ್ದದ್ದಲ್ಲ, ತಲೆಯಲ್ಲಿ ಇದ್ದದ್ದು. ಕೇಳಿದರೆ ಮಾತಿನಲ್ಲಿ ಹೇಳಬಲ್ಲದ್ದು. ಕೇಳದಿದ್ದವರು ನಾವು. ಕೇಳದ ನಮ್ಮ ಸೋಮಾರಿತನಕ್ಕೆ ನಾವೇ ಇಟ್ಟುಕೊಂಡ ಮುದ್ದಿನ ಹೆಸರು ‘ಕೈರುಚಿ’.

ಬೇರೆ ಯಾವ ವಿದ್ಯೆಗೂ ನಾವು ಹೀಗೆ ಮಾಡುವುದಿಲ್ಲ. ವೀಣೆ ನುಡಿಸುವವರ ಕೈಯನ್ನು ಹೊಗಳಿದರೂ, ಯಾರ ಶಿಷ್ಯರು, ಯಾವ ಬಾನಿ, ಎಷ್ಟು ವರ್ಷದ ಸಾಧನೆ ಎಂದು ವಿಚಾರಿಸುತ್ತೇವೆ. ನಮ್ಮ ಬೇಲೂರಿನ ಗುಡಿಗೆ ಹೋದರೆ ಮದನಿಕೆಯರ ಪೀಠದ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಆ ಹೆಸರನ್ನು ಓದಿ, ಇದು ದಾಸೋಜನ ಶೈಲಿ, ಇದು ಬೇರೆಯವರ ಶೈಲಿ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಅದೇ ಜಿಲ್ಲೆಯ ಅಡಿಗೆಮನೆಗಳಲ್ಲಿ ತಲೆಮಾರುಗಳಿಂದ ನಡೆದ ಕೆಲಸಕ್ಕೆ ಸಹಿಯೂ ಇಲ್ಲ, ಶೈಲಿಯ ಚರ್ಚೆಯೂ ಇಲ್ಲ.

ಕನ್ನಡದಲ್ಲಿ ಮೊದಲಿನಿಂದಲೂ ಹೀಗೆಯೇ ಇತ್ತು ಎಂದು ಯಾರೂ ತಿಳಿಯಬಾರದು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, ಬಾವಿ ತೋಡುವ ವಿದ್ಯೆ, ಮರಗಿಡಗಳ ವೈದ್ಯ ಇವುಗಳ ಸಾಲಿನಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಳವಿದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ ಎಂದೇ ಒಂದು ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಇವನು ದೂರದವನಲ್ಲ, ಹುಣಸೂರಿನ ಕಡೆಯ ಕಲ್ಲಹಳ್ಳಿಯವನು, ಅರಕಲಗೂಡಿನ ಗಡಿಯಿಂದ ಬಹಳ ದೂರವಿಲ್ಲದ ಸೀಮೆ. ‘ನೇಮಿಜಿನೇಶ ಸಂಗತಿ’, ‘ಸಮ್ಯಕ್ತ್ವ ಕೌಮುದಿ’ಗಳನ್ನು ಬರೆದ ಜೈನ ಕವಿ, ತೀರ್ಥಂಕರರ ಕಥೆ ಹೇಳಿದ ಲೇಖನಿಯಿಂದಲೇ ಬದನೆಕಾಯಿಯ ಬಗೆಬಗೆಯ ಪಾಕಗಳನ್ನೂ ಹೇಳಿದ. ಸಾಹಿತ್ಯಚರಿತ್ರೆಯಲ್ಲಿ ಈ ಪುಸ್ತಕವನ್ನು ಒಂದು ಕುತೂಹಲದ ವಸ್ತುವೆಂಬಂತೆ ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ರೂಢಿ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಪಾಠ ಹೇಳಿದ್ದೇನೆ. ಬೋರ್ಷಿನ ಮೂರನೆಯ ಪ್ರಯೋಗದ ನಂತರ ಅದನ್ನು ತೆಗೆದು ಓದಿದಾಗ ನನಗೆ ಮೊದಲು ಹೊಳೆದದ್ದು, ಅದರಲ್ಲಿ ಏನು ಇಲ್ಲವೆಂಬುದು. ಅದರಲ್ಲಿ ತಾಯಿಯಿಲ್ಲ, ಬಾಲ್ಯವಿಲ್ಲ, ಕಣ್ಣೀರಿಲ್ಲ. ಪದಾರ್ಥವಿದೆ, ಅದಕ್ಕೆ ಮಾಡಬೇಕಾದ ಸಂಸ್ಕಾರವಿದೆ, ಒಂದಾದ ಮೇಲೊಂದು ಬರುವ ಕ್ರಿಯಾಪದಗಳಿವೆ. ಆರು ಸಾಲಿಗೂ ಎರಡನೆಯ ಅಕ್ಷರದ ಪ್ರಾಸ ಹೊಂದಿಸಬೇಕಾದ ಕವಿ ಬಾಣಲೆಯ ಕ್ರಮವನ್ನೂ ಕೆಡಿಸದೆ ಸಾಗಬೇಕು. ಇದು ಸಣ್ಣ ಸಾಹಸವಲ್ಲ. ಅಡಿಗೆಯನ್ನು ಶಾಸ್ತ್ರವೆಂದು ಕರೆದು, ಕಲಿಸಿದರೆ ಬರುವ ವಿದ್ಯೆಯೆಂದು ನಡೆಸಿಕೊಂಡ ಮನೋಧರ್ಮ ಅದು. ಐನೂರು ವರ್ಷದ ಮೇಲೆ ಬಂದ ನಮಗೆ ಅದೇ ವಿದ್ಯೆ ‘ಕೈರುಚಿ’ಯಾಯಿತು ಎಂದರೆ, ನಾವು ಮುಂದೆ ಬಂದೆವೋ ಹಿಂದೆ ಹೋದೆವೋ?

ಇದಕ್ಕೆ ಎದುರುಮಾತೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಂಗರಸ ಅರಸುಮನೆತನದ ಕವಿ. ಒಲೆಯ ಮುಂದೆ ಹೊಗೆ ಕುಡಿಯುತ್ತ ಕುಳಿತವರು ಯಾರು, ಅವರು ಉಳಿದದ್ದನ್ನು ಉಂಡರೇ, ಉಪವಾಸ ಮಲಗಿದರೇ ಎಂಬುದು ಅವನ ಶಾಸ್ತ್ರಕ್ಕೆ ಹೊರಗಿನ ಮಾತು. ಬಡವರ ಕಾಳಿಗೆ ಕಾವ್ಯದಲ್ಲಿ ನ್ಯಾಯ ಕೊಡಿಸಲು ಕನಕದಾಸರೇ ಬರಬೇಕಾಯಿತು. ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲಗನಿಗೂ ಭತ್ತಕ್ಕೂ ಜಗಳ ಹುಟ್ಟಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೊನೆಗೆ ರಾಗಿಯನ್ನು ಗೆಲ್ಲಿಸುತ್ತಾನೆ. ಮುದ್ದೆ ಹೀಗೆ ರಾಮನ ಆಸ್ಥಾನವನ್ನು ಹೊಕ್ಕಿತು. ಮುದ್ದೆಯನ್ನು ಅದ್ದಿಕೊಳ್ಳುವ ಬಸ್ಸಾರು ಮಾತ್ರ ಹೊರಗೇ ಉಳಿಯಿತು.

ಈ ಸಂದರ್ಭದಲ್ಲಿ ಉಕ್ರೇನಿನ ಸಾಹಿತ್ಯದ ಒಂದು ಸಂಗತಿಯನ್ನು ನಮ್ಮ ಓದುಗರು ತಿಳಿಯುವುದು ಒಳ್ಳೆಯದು. ಆ ಭಾಷೆಯ ಹೊಸ ಸಾಹಿತ್ಯ ಆರಂಭವಾಗುವುದೇ 1798ರಲ್ಲಿ ಅಚ್ಚಾದ ಒಂದು ಹಾಸ್ಯಕಾವ್ಯದಿಂದ. ಪೊಲ್ತಾವದ ಇವಾನ್ ಕೊತ್ಲ್ಯಾರೆವ್‌ಸ್ಕಿ ಎಂಬವನು ವರ್ಜಿಲನ ಮಹಾಕಾವ್ಯದ ಟ್ರಾಯ್ ವೀರರಿಗೆ ಕೊಸ್ಸಾಕರ ಉಡುಗೆ ತೊಡಿಸಿ, ಜನ ಆಡುವ ಮಾತಿನಲ್ಲಿ ‘ಎನೆಯಿದ’ ಬರೆದ. ಅದರ ವೀರರು ಯುದ್ಧಕ್ಕಿಂತ ಊಟದಲ್ಲಿ ಒಂದು ಕೈ ಮೇಲು. ನಾಲ್ಕನೆಯ ಭಾಗದ ಆರಂಭದಲ್ಲಿ ಒಂದು ವಿಚಿತ್ರವಾದ ಮಾತು ಬರುತ್ತದೆ. ಒಂದು ಪದದ ಪ್ರತ್ಯಯವನ್ನು ಇನ್ನೊಂದಕ್ಕೆ ಅಂಟಿಸಿ, ವಾಕ್ಯವನ್ನೆಲ್ಲ ಕಲಸಿಹಾಕಿದ ಮಾತು ಅದು. ಬಿಡಿಸಿ ಅನ್ವಯ ಮಾಡಿದರೆ, ಮೂರು ದಿನ ಬೋರ್ಷ್ ತಿನ್ನದೆ ಇದ್ದರೆ ಹೊಟ್ಟೆಗೂ ಎದೆಗೂ ಏನು ಸಂಕಟವಾಗುತ್ತದೆ ಎಂಬುದು ಅದರ ಅರ್ಥ! ಹಸಿವು ವ್ಯಾಕರಣವನ್ನೇ ಕದಡಿಬಿಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ. ಅದೇ ನಾಡು ಮುಂದೆ 1932-33ರಲ್ಲಿ, ಸ್ಟಾಲಿನನ ಆಳ್ವಿಕೆಯಲ್ಲಿ, ಲಕ್ಷಾಂತರ ಜನರನ್ನು ಹಸಿವಿಗೆ ಕಳೆದುಕೊಂಡಿತು ಎಂಬುದನ್ನು ನೆನೆದು ಓದಿದರೆ ಆ ನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಬಾಯಲ್ಲಿ ನೀರೂರಿಸುವುದೇ ಊಟದ ಬರವಣಿಗೆಯ ಗುರಿ ಎಂದು ತಿಳಿದವರು ಚೆಕಾಫನ ‘ಸೈರನ್’ ಎಂಬ ಸಣ್ಣ ಕಥೆಯನ್ನು ಓದಬೇಕು. 1887ರ ಕಥೆ. ಕೋರ್ಟಿನ ಕೊಠಡಿಯಲ್ಲಿ ಅಧ್ಯಕ್ಷರು ತೀರ್ಪಿಗೆ ಸಂಬಂಧಿಸಿದ ಬರವಣಿಗೆಯಲ್ಲಿದ್ದಾರೆ. ಪಕ್ಕದಲ್ಲಿ ಕಾರ್ಯದರ್ಶಿ ಮೆಲುದನಿಯಲ್ಲಿ ತಿಂಡಿತೀರ್ಥಗಳನ್ನು ವರ್ಣಿಸುತ್ತ ಕುಳಿತಿದ್ದಾನೆ. ಅಧ್ಯಕ್ಷರು ಹಾಳೆಯ ಮೇಲೆ ಹಾಳೆ ಕೆಡಿಸುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಟೋಪಿ ಹುಡುಕಿ ಓಡುತ್ತಾರೆ. ಆ ವರ್ಣನೆಯಲ್ಲಿ ಬೋರ್ಷೂ ಇದೆ. ನಮ್ಮ ಎಷ್ಟೋ ‘ನೆನಪಿನ ಊಟ’ದ ಪ್ರಬಂಧಗಳು ಈ ಕಾರ್ಯದರ್ಶಿಯ ವಂಶದವು, ಕೇಳಿದವರಿಗೆ ಹಸಿವಾಗುತ್ತದೆ, ಒಬ್ಬರಿಗೂ ಅಡಿಗೆ ಬರುವುದಿಲ್ಲ. ಚೆಕಾಫನಿಗಾದರೋ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು, ಅದನ್ನು ನೋಡಿ ಅವನೇ ನಗುತ್ತಿದ್ದ. ನಮ್ಮವರು ನಗುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ.

ನಮ್ಮ ಹೇಮಾವತಿಯ ದಡದವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರನ್ನು ಈ ಗುಂಪಿಗೆ ಸೇರಿಸಬಾರದು. ‘ಹಳ್ಳಿಯ ಚಿತ್ರಗಳು’ ಮೊದಲುಗೊಂಡು ಅವರ ಬರವಣಿಗೆಯಲ್ಲಿ ಊಟವೆಂದರೆ ನನ್ನ ಓದಿಗೆ ಮುಖ್ಯವಾಗಿ ಪಂಕ್ತಿ. ಪಂಕ್ತಿಯೆಂದರೆ ಮಾತು, ಜಗಳ, ನಗೆ, ಊರಿನ ರಾಜಕೀಯ. ಅಡಿಗೆಮನೆಯ ಒಳಕ್ಕೆ ಅವರು ಇಣುಕುವುದು ಕಡಿಮೆ. ಇಣುಕಿದಂತೆ ನಟಿಸುವುದೂ ಇಲ್ಲ. ಆ ಪ್ರಾಮಾಣಿಕತೆ ದೊಡ್ಡದು.

ಅಡಿಗೆಮನೆಯ ಒಳಗೆ ನಿಂತು ಬರೆದ ಪುಸ್ತಕ ಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ಕ್ಕೆ ಹೋಗಬೇಕು. 1970ರಲ್ಲಿ ಬಂದ ಕಾದಂಬರಿ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ನಾನು ಮತ್ತೆ ಕೈಗೆತ್ತಿಕೊಂಡದ್ದು ಇದನ್ನೇ. ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚುತ್ತಾಳೆ. ಬಂದದ್ದರಲ್ಲಿ ಮಕ್ಕಳ ಹೊಟ್ಟೆಗೆ ದಾರಿ ಮಾಡುತ್ತಾಳೆ. ಉಂಡು ಎದ್ದು ಹೋಗುವ ಚೆನ್ನಿಗರಾಯನಿಗೆ ಅದು ಎಲ್ಲಿಂದ ಬಂತೆಂಬುದು ಬೇಡ. ಓದುತ್ತ ಹೋದಂತೆ ನಮಗೆ ಗೊತ್ತಾಗುವುದೇನೆಂದರೆ, ಲೆಕ್ಕದ ಪುಸ್ತಕ ಬರೆಯುವ ತಲೆಯೂ ರಾಗಿಹಿಟ್ಟು ಇಷ್ಟು ದಿನಕ್ಕೆ ಸಾಕು ಎಂದು ಅಳೆಯುವ ತಲೆಯೂ ಒಂದೇ. ಇಡೀ ಕಾದಂಬರಿಯಲ್ಲಿ ಲೇಖಕರು ನಂಜಮ್ಮನನ್ನು ಅನ್ನಪೂರ್ಣೆಯ ಪೀಠದಲ್ಲಿ ಕೂಡಿಸಿ ಮಂಗಳಾರತಿ ಎತ್ತುವುದಿಲ್ಲ. ಅವಳ ಕೆಲಸವನ್ನು ಕೆಲಸವಾಗಿಯೇ ತೋರಿಸುತ್ತಾರೆ. ಆದ್ದರಿಂದಲೇ ಪ್ಲೇಗು ಆ ಮನೆಯನ್ನು ಹೊಕ್ಕಾಗ ನಾವು ಕಳೆದುಕೊಳ್ಳುವುದು ಏನೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಕರುಣೆ ಅಲ್ಲಿ ವಿವರದಿಂದ ಹುಟ್ಟಿದ್ದು. ಭೈರಪ್ಪನವರ ಬೇರೆ ಕಾದಂಬರಿಗಳ ವಿಷಯದಲ್ಲಿ ನನಗೆ ತಕರಾರುಗಳಿವೆ, ಅವು ಇಲ್ಲಿ ಬೇಡ.

ಬೋರ್ಷಿನ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಯುದ್ಧ ನಡೆಯುತ್ತಿರುವಾಗಲೇ, 2022ರ ಜುಲೈ 1ರಂದು, ಯುನೆಸ್ಕೋ ಸಂಸ್ಥೆ ಅದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ರಷ್ಯದವರು ಇದಕ್ಕೆ ಮುನಿಸಿಕೊಂಡರು. ‘ಸಂಪ್ರದಾಯ’ವೆಂಬ ಮಾತನ್ನು ನಾವು ಬಿಗಿಯಾಗಿ ಹಿಡಿದರೆ ಅದು ಕೈಯಲ್ಲಿ ನಿಲ್ಲುವುದಿಲ್ಲ. ಬೋರ್ಷ್ ಎಂಬ ಹೆಸರು ಮೂಲದಲ್ಲಿ ಬೀಟ್‌ರೂಟಿನದೇ ಅಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಒಂದು ಕಾಡುಸೊಪ್ಪಿನದು, ಅದನ್ನು ಹುಳಿ ಬರಿಸಿ ಕುದಿಸುತ್ತಿದ್ದರು. ಬೀಟ್‌ರೂಟು ಆಮೇಲೆ, ಅಮೆರಿಕ ಖಂಡದಿಂದ ಬಂದ ಆಲೂಗೆಡ್ಡೆ, ಟೊಮ್ಯಾಟೊ ಇನ್ನೂ ಆಮೇಲೆ. ನಮ್ಮದೂ ಅದೇ ಕಥೆ. ಮಂಗರಸನ ಅಡಿಗೆಮನೆಯಲ್ಲಿ ಖಾರಕ್ಕೆ ಮೆಣಸು ಇತ್ತು, ಮೆಣಸಿನಕಾಯಿ ಇರಲಿಲ್ಲ. ಹಾಗಾದರೆ ಯಾವುದು ನಿಲ್ಲುತ್ತದೆ? ಆ ಪಟ್ಟಿಗೆ ಸೇರಿದ್ದು ಬೋರ್ಷ್ ಎಂಬ ತಿನಿಸಲ್ಲ, ‘ಬೋರ್ಷ್ ಬೇಯಿಸುವ ಸಂಸ್ಕೃತಿ’. ಊರು ಬಿಟ್ಟು ಚದುರಿದ ಜನಕ್ಕೆ ಒಲೆ, ಹೊಲ, ಜೊತೆಯಲ್ಲಿ ಕುಳಿತು ಉಣ್ಣುವ ನೆರೆ ಇವೇ ತಪ್ಪಿಹೋದವಲ್ಲ! ಪದಾರ್ಥ ಬದಲಾಗಬಹುದು, ಏನನ್ನು ಯಾವಾಗ, ಏಕೆ ಎಂಬ ತಿಳಿವು ಒಬ್ಬರಿಂದ ಒಬ್ಬರಿಗೆ ದಾಟುವುದು ನಿಂತರೆ ಮುಗಿಯಿತು.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳುವ ಹಕ್ಕು ನನಗಿದೆಯೇ? ಬೋರ್ಷಿನ ವಿಷಯದಲ್ಲಿ ನಾನು ಕೇಳಿದೆ, ಬರೆದುಕೊಂಡೆ. ಅದು ಪರದೇಶದ್ದು, ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿರಲಿಲ್ಲ. ನಲವತ್ತು ವರ್ಷ ಉಂಡ ಬಸ್ಸಾರಿನ ವಿಷಯ ಒಂದು ದಿನವೂ ಕೇಳಲಿಲ್ಲ. ಕೇಳುವುದೇನು, ಅದು ಅಮ್ಮನ ಕೈರುಚಿ! ಅಮ್ಮ 2023ರ ಮಾಗಿಯಲ್ಲಿ, ಅವರೆಕಾಯಿಯ ಕಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಲು ಕುಳಿತಾಗ ನನ್ನ ಹತ್ತಿರ ಇದ್ದದ್ದು ವಿಶೇಷಣಗಳು ಮಾತ್ರ. ಎಲ್ಲಕ್ಕೂ ಕೆಂಪು ಗೀಟು ಎಳೆಯಬೇಕಾದಂಥವು.

ಅರಕಲಗೂಡು ಎಂದರೆ ಸಾಹಿತ್ಯದವರಿಗೆ ಅ.ನ.ಕೃ. ಅವರ ನೆನಪು ಬರುತ್ತದೆ; ನನಗೆ ಅಕ್ಕನ ಮನೆ. ಹೋದ ತಿಂಗಳು ಅಲ್ಲಿಗೆ ಹೋಗಿ, ನೋಟುಪುಸ್ತಕ ಹಿಡಿದು ಅಡಿಗೆಮನೆಯಲ್ಲಿ ಕುಳಿತೆ. ಅಕ್ಕ ಮೊದಲು ನಕ್ಕರು, ಆಮೇಲೆ ಹೇಳತೊಡಗಿದರು. ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆಯೇ ಸೊಪ್ಪು. ದಂಟು, ಕೀರೆಯ ಜೊತೆಗೆ ಸಬ್ಬಸಿಗೆ ಒಂದು ಹಿಡಿ, ಹೆಚ್ಚಾದರೆ ಕಟ್ಟೆಲ್ಲ ಅದೇ ಆಗುತ್ತದೆ. ಉಪ್ಪು ಬಸಿಯುವುದಕ್ಕೆ ಮುಂಚೆ ಹಾಕಬೇಕು, ಪಲ್ಯಕ್ಕೂ ಹಿಡಿಯಬೇಕಲ್ಲ. ಬಸಿದ ಕಾಳುಸೊಪ್ಪಿನಲ್ಲಿ ಒಂದು ಹಿಡಿಯನ್ನು ಖಾರದ ಜೊತೆ ಅರೆಯದಿದ್ದರೆ ಸಾರು ನೀರು, ಸಾರಿಗೆ ಮೈ ಬರುವುದು ಅದರಿಂದ. ಹುಣಸೆ ರುಬ್ಬುವಾಗ, ಬೇಯಿಸುವಾಗ ಎಂದೂ ಅಲ್ಲ. ಬರೆಯುತ್ತ ಬರೆಯುತ್ತ ಎರಡು ಪುಟವಾಯಿತು. ಈರುಳ್ಳಿ ಎಂದಾಗ ಅಕ್ಕ ತಡೆದರು.

“ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ಕೆಂಡದಲ್ಲಿ ಸುಡ್ತಿದ್ರು. ಸಿಪ್ಪೆ ಕರಕಾದ್ಮೇಲೆ ಬೂದಿ ಒರೆಸಿ ಒರಳಿಗೆ ಹಾಕೋರು. ಆ ಘಮ ಅದರಿಂದ್ಲೇ ಬರ್ತಿತ್ತು.”

“ಗ್ಯಾಸು ಬಂದ ಮೇಲೆ? ಆಮೇಲೂ ಅದೇ ಘಮ ಇತ್ತಲ್ಲಕ್ಕಾ. ಕೆಂಡ ಎಲ್ಲಿತ್ತು ಆಗ?”

ಅಕ್ಕ ಸೌಟನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

“ನಾನು ಮದುವೆಯಾಗಿ ಬರೋವಾಗ ನಮ್ಮನೇಲಿ ಇದ್ದದ್ದು ಸೌದೆ ಒಲೆ ಕಣೋ. ಗ್ಯಾಸು ಬಂದ ಮೇಲೆ ಆ ಮನೇಲಿ ಇದ್ದೋನು ನೀನು. ನೀನೇ ಹೇಳಬೇಕು.”